ಮುಖ ಯಾರದು? ಮಾತು ಯಾರದು?



ಆಡುವ ಮಾತಿಗೂ ಆಡುವವನ ಮುಖಕ್ಕೂ ನಿಕಟವಾದ ಸಂಬಂಧವಿದೆ. ಎದುರಿಗೆ ನಿಂತವನ ಮುಖವನ್ನು ನೋಡಿ ಅವನ ಮಾತಿನ ಹುರುಳನ್ನು ಅಳೆಯುವುದು ನಮಗೆ ಹಿಂದಿನಿಂದ ಬಂದ ರೂಢಿ. ಒಬ್ಬನು ಕಟುವಾಗಿ ನುಡಿದರೆ, ಆ ನುಡಿ ಕೇಳಿದವನ ಮುಖದಲ್ಲಿ ಮೂಡಿಸುವ ನೋವನ್ನು ನುಡಿದವನೇ ಕಣ್ಣಾರೆ ಕಾಣಬೇಕಾಗುತ್ತದೆ. ಕಂಡಾಗ ಒಳಗೊಳಗೇ ನಾಚಬೇಕಾಗುತ್ತದೆ. ಈ ನಾಚಿಕೆ ಎಷ್ಟೋ ಸಂದರ್ಭಗಳಲ್ಲಿ ನಮ್ಮ ನಾಲಗೆಗೆ ಕಡಿವಾಣ ಹಾಕಿದೆ. ಆದರೆ ಈಚಿನ ವರ್ಷಗಳಲ್ಲಿ ತನ್ನ ಮುಖವನ್ನು ಮರೆಗಿರಿಸಿ, ಯಾವುದೋ ವ್ಯಂಗ್ಯಚಿತ್ರದ ಪಾತ್ರವೊಂದರ ಮುಖವನ್ನು ಮುಂದಿಟ್ಟು, ಅದರ ಮೇಲೆ ನಾಲ್ಕು ಅಕ್ಷರ ಬರೆದು, ಹೇಳಬೇಕಾದುದನ್ನು ಅದರ ಬಾಯಿಂದ ಹೇಳಿಸುವ ಪರಿಪಾಠವೊಂದು ಜಗತ್ತಿನಾದ್ಯಂತ ಬೆಳೆದಿದೆ. ಇದಕ್ಕೆ ಮೀಮ್ ಎಂದು ಹೆಸರು. ಮಕ್ಕಳಾಟದಂತೆ ತೋರುವ ಈ ವಿಷಯವನ್ನು ಈ ಪುಟಗಳಲ್ಲಿ ಏಕೆ ಎತ್ತಿಕೊಳ್ಳಬೇಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು. ನಡೆದ ಒಂದು ಸಂಗತಿ ನನ್ನ ಅಭಿಪ್ರಾಯವನ್ನು ಬದಲಿಸಿತು. ಅದನ್ನು ಮೊದಲು ತಮ್ಮ ಮುಂದಿಡುತ್ತೇನೆ.

ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದ ನಾವು ಕೆಲವರು ಸೇರಿ ವಾಟ್ಸಾಪಿನಲ್ಲಿ ಒಂದು ಬಳಗ ಮಾಡಿಕೊಂಡಿದ್ದೇವೆ. ಎರಡು ವರ್ಷಗಳ ಹಿಂದೆ, ನನಗಿಂತ ಮೂರು ವರ್ಷ ಹಿರಿಯರಾದ, ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾದ ಒಬ್ಬರು ಅದರಲ್ಲಿ ದೀರ್ಘವಾದ ಬರಹವೊಂದನ್ನು ಹಾಕಿದರು. ನಮಗೆಲ್ಲ ರೊಟ್ಟಿ ಬಡಿದು ಹಾಕಿದ ಅಡಿಗೆಯ ಅಜ್ಜನನ್ನು ನೆನೆದು, ಆತನ ಸ್ಮರಣೆಯ ದಿನದಂದು ನಾವೆಲ್ಲ ಕೈಲಾದಷ್ಟು ಜೋಳವನ್ನು ದಾಸೋಹಕ್ಕೆ ಸಲ್ಲಿಸೋಣವೆಂದು ಅವರು ಬರೆದಿದ್ದರು. ಮೊಬೈಲಿನಲ್ಲಿ ಕನ್ನಡ ಬರೆದು ರೂಢಿಯಿಲ್ಲದ ಕೈ, ಕಣ್ಣೂ ಮಂಜು. ಸಾಲುಸಾಲಿಗೂ ಅಕ್ಷರಗಳು ತಪ್ಪಿದ್ದವು. 'ಅಜ್ಜ' ಎಂದಿರಬೇಕಾದಲ್ಲಿ ಆಡು ಎಂಬರ್ಥದ 'ಅಜ' ಎಂದಾಗಿತ್ತು. ಸ್ವಲ್ಪ ಹೊತ್ತಿಗೆ ನಮ್ಮಲ್ಲಿಯೇ ಒಬ್ಬ ಕಿರಿಯನು ಉತ್ತರವಾಗಿ ಚಿತ್ರವೊಂದನ್ನು ಕಳಿಸಿದನು. ಹಳದಿ ಬಣ್ಣದ, ಚೌಕಾಕಾರದ ಒಂದು ಕಾರ್ಟೂನ್ ಪಾತ್ರ ಬೆನ್ನು ಬಗ್ಗಿಸಿ ಕೋಳಿಯ ಭಂಗಿಯಲ್ಲಿ ನಿಂತಿದೆ. ಅದರ ಮೇಲೆ ಹಿರಿಯರ ತಪ್ಪಕ್ಷರಗಳನ್ನೇ 'ಅಅಅಡಿಗೆಯ ಅಅಜಜ' ಎಂದು ಎಳೆದೆಳೆದು ಬರೆಯಲಾಗಿದೆ. ನೋಡಿದವರಿಗೆ ನಗು ತಡೆಯಲಾಗಲಿಲ್ಲ. ನಗುವ ಮುಖದ ಗುರುತುಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಒಂದು ನನ್ನದು.

ಆ ಹಿರಿಯರು ಅನಂತರ ಬಳಗದಲ್ಲಿ ಏನನ್ನೂ ಬರೆಯಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ನಾನೇ ಆ ಮಾತು ತೆಗೆದೆ. "ಅಣ್ಣಾ, ಅವತ್ತು ಹುಡುಗೂರು ಚೇಷ್ಟಿ ಮಾಡಿದ್ರು. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದೆ. ಅವರು ನಕ್ಕರು. "ಇರ್ಲಿ ಬಿಡೋ ತಮ್ಮಾ. ಅಕ್ಷರ ತಪ್ಪಿದ್ದು ಖರೇ ಐತಿ. ನನಗ ನಕ್ಕಿದ್ರ ಏನೂ ಅನಸ್ತಿರಲಿಲ್ಲ. ಅಜ್ಜನ ಹೆಸರಿನ ಮ್ಯಾಲೆ ನಕ್ರಲ್ಲ" ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಆ ಹಳದಿ ಗೊಂಬಿ ಯಾರದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಕ್ಕಿದ್ದೆ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನೂ, ಅದರಿಂದ ಹುಟ್ಟಿದ ವಿಚಾರವನ್ನೂ ತಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಆ ಹಳದಿ ಗೊಂಬೆಯ ಹೆಸರು ಸ್ಪಾಂಜ್‌ಬಾಬ್. ಅದನ್ನು ಸೃಷ್ಟಿಸಿದವರು ಅಮೆರಿಕದ ಸ್ಟೀಫನ್ ಹಿಲೆನ್‌ಬರ್ಗ್. ಮೊದಲು ಕಡಲ ಜೀವಿಗಳ ವಿಷಯವನ್ನು ಬೋಧಿಸುತ್ತಿದ್ದ ಅವರು ಮುಂದೆ ಚಿತ್ರಕಲೆಗೆ ಒಲಿದು, ಸಮುದ್ರದ ತಳದಲ್ಲಿ ವಾಸಿಸುವ ಒಂದು ಸ್ಪಂಜಿನ ಕಥೆಯನ್ನು ಮಕ್ಕಳಿಗಾಗಿ 1999ರಲ್ಲಿ ಟಿ.ವಿ.ಯಲ್ಲಿ ಆರಂಭಿಸಿದರು. 2018ರಲ್ಲಿ ಅವರು ನಿಧನರಾದರು. ಕೋಳಿಯ ಭಂಗಿಯ ಆ ಚಿತ್ರ 2012ರಲ್ಲಿ ಪ್ರಸಾರವಾದ ಒಂದು ಕಂತಿನದು. ಅದರ ಕಥೆಯನ್ನು ಕೇಳಿದಾಗ ನಾನು ಬೆರಗಾದೆ. ಸ್ಪಾಂಜ್‌ಬಾಬನ ಸಹೋದ್ಯೋಗಿಯೊಬ್ಬನಿಗೆ ಅವನ ದಿನಚರಿಯ ಪುಸ್ತಕ ಸಿಗುತ್ತದೆ. ಅವನು ಅದನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸುತ್ತಾನೆ. ಚೌಕಳಿ ಬಟ್ಟೆ ಕಂಡರೆ ತಾನು ಕೋಳಿಯಂತೆ ವರ್ತಿಸುವುದುಂಟೆಂದು ಸ್ಪಾಂಜ್‌ಬಾಬ್ ತನ್ನಷ್ಟಕ್ಕೆ ಬರೆದುಕೊಂಡಿದ್ದನ್ನು ಕೂಡ ಅವನು ಬಿಡುವುದಿಲ್ಲ. ನಂಬಿ ಬರೆದ ಮಾತು ನಗೆಗೀಡಾದುದನ್ನು ಅರಿತು ಸ್ಪಾಂಜ್‌ಬಾಬ್ ಕುಗ್ಗಿಹೋಗುತ್ತಾನೆ; ನಕ್ಕ ಜನವೇ ಕಡೆಗೆ ಓದಿದವನ ಮೇಲೆ ತಿರುಗಿ ಬೀಳುತ್ತದೆ. ಅಂದರೆ ಒಬ್ಬನ ಅಂತರಂಗದ ಮಾತನ್ನು ಅಣಕಿಸುವುದು ತಪ್ಪೆಂದು ಮಕ್ಕಳಿಗೆ ಹೇಳಿಕೊಡುವ ಕಥೆಯಿಂದ ಆ ಚಿತ್ರವನ್ನು ಕಿತ್ತು ತೆಗೆಯಲಾಗಿದೆ. 2017ರ ಮೇ ತಿಂಗಳಿನಿಂದ ಅದು ಇಂಗ್ಲಿಷ್ ಬಲ್ಲ ಜಗತ್ತಿನಲ್ಲೆಲ್ಲ ಅಣಕದ ಮುದ್ರೆಯಾಗಿ ಹಬ್ಬಿತು. ಇಂಗ್ಲಿಷಿನಲ್ಲಿ ಎದುರಾಳಿಯ ಮಾತನ್ನು ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೆರೆಸಿ ಅಂಕುಡೊಂಕಾಗಿ ಬರೆಯುತ್ತಾರೆ. ಕನ್ನಡದಲ್ಲಿ ಆ ಭೇದವಿಲ್ಲದುದರಿಂದ ನಮ್ಮ ಕಿರಿಯನು ಅಕ್ಷರಗಳನ್ನು ಎಳೆದು ಬರೆದಿದ್ದನು.

ಮೀಮ್ ಎಂಬ ಶಬ್ದವನ್ನು ಮೊದಲು ಬಳಸಿದವರು ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. 1976ರಲ್ಲಿ ಪ್ರಕಟವಾದ 'ದಿ ಸೆಲ್ಫಿಶ್ ಜೀನ್' ಎಂಬ ಗ್ರಂಥದಲ್ಲಿ, ಅನುಕರಣೆ ಎಂಬರ್ಥದ ಗ್ರೀಕ್ ಮೂಲದಿಂದ ಅವರು ಈ ಶಬ್ದವನ್ನು ಕಟ್ಟಿದರು. ಒಂದು ರಾಗ, ಒಂದು ಉಡುಗೆಯ ರೀತಿ, ಒಂದು ವಿಚಾರ ಮನಸ್ಸಿನಿಂದ ಮನಸ್ಸಿಗೆ ಅನುಕರಣೆಯ ಮೂಲಕ ಹರಡುವ ಬಗೆಯನ್ನು ವಿವರಿಸಲು ಅವರಿಗೆ ಒಂದು ಹೆಸರು ಬೇಕಾಗಿತ್ತು. ಅಂತರಜಾಲ ಬಂದ ಮೇಲೆ ಅದೇ ಶಬ್ದ ಒಕ್ಕಣೆ ಹೊತ್ತ ಚಿತ್ರಗಳಿಗೆ ಅಂಟಿಕೊಂಡಿತು. ಇಲ್ಲಿ ನಾವು ಗಮನಿಸಬೇಕಾದುದು ಒಂದೇ: ನಕಲು ಮಾಡುವವರಿಲ್ಲದಿದ್ದರೆ ಮೀಮಿಗೆ ಬದುಕಿಲ್ಲ. ಅದು ತಾನಾಗಿ ನಡೆಯುವುದಿಲ್ಲ; ಪ್ರತಿ ಹೆಜ್ಜೆಗೂ ಒಬ್ಬ ಮನುಷ್ಯನ ಬೆರಳು ಬೇಕು.

ಇದಕ್ಕೆ ಕಾರ್ಟೂನ್ ಪಾತ್ರದ ಮುಖವೇ ಏಕೆ ಬೇಕಾಯಿತು? ಅಮೆರಿಕದ ಚಿತ್ರಕಥೆಗಾರ ಸ್ಕಾಟ್ ಮೆಕ್‌ಕ್ಲೌಡ್ ಅವರು 1993ರಲ್ಲಿ ಹೊರತಂದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಎಂಬ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಒಬ್ಬ ವ್ಯಕ್ತಿಯ ಯಥಾವತ್ತಾದ ಚಿತ್ರ ಆ ಒಬ್ಬನದಷ್ಟೇ ಆಗಿರುತ್ತದೆ. ಗೆರೆಗಳನ್ನು ಕಡಿಮೆ ಮಾಡುತ್ತ ಹೋಗಿ ಎರಡು ಚುಕ್ಕೆ, ಒಂದು ಗೆರೆ ಉಳಿದಾಗ ಅದು ಯಾರ ಮುಖವೂ ಆಗಬಲ್ಲದು. ನೋಡುವವನು ಅದರೊಳಗೆ ತನ್ನನ್ನೇ ಇಟ್ಟುಕೊಳ್ಳಬಲ್ಲನು. ಇದಕ್ಕೂ ಹಿಂದೆ, ರಷ್ಯಾದ ಚಲನಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನಡೆಸಿದ ಒಂದು ಪ್ರಯೋಗವನ್ನು ಚಲನಚಿತ್ರ ಕಲೆಯ ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ. ನಟನೊಬ್ಬನ ಭಾವರಹಿತವಾದ ಮುಖದ ಒಂದೇ ದೃಶ್ಯವನ್ನು ಒಮ್ಮೆ ಆಹಾರದ ಬಟ್ಟಲಿನೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದರೆ, ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ನೋಡುಗರು ಅದೇ ಮುಖದಲ್ಲಿ ಕಂಡರಂತೆ. ಮುಖ ಬದಲಾಗಿರಲಿಲ್ಲ, ಪಕ್ಕದಲ್ಲಿದ್ದುದು ಬದಲಾಗಿತ್ತು. ಮೀಮಿನಲ್ಲಿ ಆ ಪಕ್ಕದ ವಸ್ತುವಿನ ಸ್ಥಾನವನ್ನು ನಾವು ಬರೆಯುವ ಒಕ್ಕಣೆ ತೆಗೆದುಕೊಳ್ಳುತ್ತದೆ. ಮುಖಕ್ಕೆ ಅರ್ಥ ಕೊಡುವವರು ನಾವು. ಆದರೂ ಆ ಅರ್ಥ ಮುಖದಿಂದಲೇ ಹೊರಟಂತೆ ತೋರುತ್ತದೆ. ನೈತಿಕ ಪ್ರಶ್ನೆ ಹುಟ್ಟುವುದು ಈ ತೋರಿಕೆಯಲ್ಲಿಯೇ.

ಈ ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಒಂದು ಕಪ್ಪೆಯ ವೃತ್ತಾಂತವನ್ನು ತಾವು ಕೇಳಬೇಕು.

ಅಮೆರಿಕದ ಮ್ಯಾಟ್ ಫ್ಯೂರಿ ಎಂಬ ಚಿತ್ರಕಾರರು 2005ರಲ್ಲಿ 'ಬಾಯ್ಸ್ ಕ್ಲಬ್' ಎಂಬ ಚಿತ್ರಕಥೆಯನ್ನು ಆರಂಭಿಸಿದರು. ಒಂದೇ ಮನೆಯಲ್ಲಿ ವಾಸಿಸುವ ನಾಲ್ವರು ಸೋಮಾರಿ ಗೆಳೆಯರ ಕಥೆ ಅದು. ಅವರಲ್ಲಿ ಪೆಪೆ ಎಂಬುದು ಕಪ್ಪೆಯ ಮುಖದ, ಮನುಷ್ಯ ದೇಹದ ಪಾತ್ರ. ಉಬ್ಬಿದ ಕಣ್ಣು, ದಪ್ಪ ತುಟಿ, ಸಾಧು ಸ್ವಭಾವ. ಮೂತ್ರವಿಸರ್ಜನೆಯ ವೇಳೆ ಚಿಕ್ಕ ಮಗುವಿನಂತೆ ಚಲ್ಲಣವನ್ನು ಪೂರ್ತಿ ಕೆಳಗಿಳಿಸಿಕೊಳ್ಳುವ ಅದರ ಅಭ್ಯಾಸ ಗೆಳೆಯನಿಗೆ ತಿಳಿಯುತ್ತದೆ. ಹಾಗೇಕೆಂದು ವಿಚಾರಿಸಿದಾಗ, ಅದರಿಂದ ಹಾಯೆನಿಸುತ್ತದೆ ಎಂದು ಪೆಪೆ ತೃಪ್ತಿಯ ಮುಖದಿಂದ ಉತ್ತರ ಕೊಡುತ್ತದೆ. ಇಷ್ಟೇ. ಇದರಲ್ಲಿ ಮುಗ್ಧವಾದ ಹುಡುಗಾಟಿಕೆಯ ಹೊರತು ಬೇರೇನೂ ಇರಲಿಲ್ಲ.

2008ರ ಹೊತ್ತಿಗೆ ಆ ತೃಪ್ತಿಯ ಮುಖವನ್ನು ಕೆಲವರು ಕಥೆಯಿಂದ ಬೇರ್ಪಡಿಸಿ, ಹೆಸರು ಹೇಳದೆ ಬರೆಯಲು ಅವಕಾಶವಿದ್ದ ಫೋರ್‌ಚಾನ್ ಎಂಬ ಅಂತರಜಾಲ ತಾಣದಲ್ಲಿ ಬಳಸತೊಡಗಿದರು. ಬೇರೆಯವರು ತುಟಿಯ ಗೆರೆಯನ್ನು ಕೆಳಗೆ ತಿರುಗಿಸಿ ದುಃಖದ ಪೆಪೆಯನ್ನು ಮಾಡಿದರು. ಮತ್ತೆ ಕೆಲವರು ಸಿಟ್ಟಿನ ಪೆಪೆ, ಗರ್ವದ ಪೆಪೆಗಳನ್ನು ರಚಿಸಿದರು. ಪರೀಕ್ಷೆಯಲ್ಲಿ ಸೋತವರು, ಒಂಟಿತನದಿಂದ ಬಳಲುವವರು ತಮ್ಮ ಸಂಕಟವನ್ನು ಆ ದುಃಖದ ಮುಖದ ಕೆಳಗೆ ಬರೆದು ಹಗುರಾದರು. 2014ರಲ್ಲಿ ಕೇಟಿ ಪೆರಿ, ನಿಕಿ ಮಿನಾಜ್ ಮೊದಲಾದ ಪ್ರಸಿದ್ಧ ಗಾಯಕಿಯರೂ ಅದನ್ನು ಹಂಚಿಕೊಂಡರು. ಅಲ್ಲಿಯವರೆಗೆ ಅದು ಎಲ್ಲರ ಮುಖವಾಗಿತ್ತು.

ಮುಂದಿನ ಎರಡು ವರ್ಷಗಳಲ್ಲಿ ಸ್ಥಿತಿ ಬದಲಾಯಿತು. ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾವು ಏರಿದಂತೆ, ಜನಾಂಗದ್ವೇಷವನ್ನು ಬಿತ್ತುವವರು ಅದೇ ಕಪ್ಪೆಗೆ ನಾಜಿ ಸಮವಸ್ತ್ರವನ್ನು ತೊಡಿಸಿ, ಯೆಹೂದಿಗಳನ್ನೂ ಕರಿಯರನ್ನೂ ಹೀಯಾಳಿಸುವ ಒಕ್ಕಣೆಗಳನ್ನು ಸೇರಿಸಿ ಹರಿಯಬಿಟ್ಟರು. ಯಾರಾದರೂ ಆಕ್ಷೇಪಿಸಿದರೆ, ಇದೊಂದು ಕಪ್ಪೆ, ಇದೊಂದು ತಮಾಷೆ ಎಂಬ ಉತ್ತರ ಸಿದ್ಧವಾಗಿತ್ತು. ಯೆಹೂದಿ ದ್ವೇಷದ ವಿರುದ್ಧ 1913ರಿಂದ ಕೆಲಸ ಮಾಡುತ್ತ ಬಂದಿರುವ ಆಂಟಿ-ಡಿಫಮೇಷನ್ ಲೀಗ್ ಎಂಬ ಸಂಸ್ಥೆ 2016ರ ಸೆಪ್ಟೆಂಬರ್ 27ರಂದು ಪೆಪೆಯನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಹಾಗೆ ಸೇರಿಸುವಾಗಲೂ, ಆ ಚಿತ್ರದ ಹೆಚ್ಚಿನ ಬಳಕೆ ದ್ವೇಷದ್ದಲ್ಲ, ಸಂದರ್ಭವನ್ನು ನೋಡಿ ನಿರ್ಣಯಿಸಬೇಕು ಎಂದು ಅದು ಎಚ್ಚರಿಕೆಯಿಂದ ಹೇಳಿತು. ಆದರೆ ಪಟ್ಟಿಯ ಸುದ್ದಿ ಹಬ್ಬಿದಷ್ಟು ಎಚ್ಚರಿಕೆಯ ಮಾತು ಹಬ್ಬಲಿಲ್ಲ.

ಚಿತ್ರ ಬರೆದವರ ಅವಸ್ಥೆಯನ್ನು ಯೋಚಿಸಿರಿ. ಫ್ಯೂರಿಯವರು ಅದೇ ಸಂಸ್ಥೆಯೊಡನೆ ಸೇರಿ ಪೆಪೆಯನ್ನು ಉಳಿಸುವ ಚಳವಳಿಯೊಂದನ್ನು ಅದೇ ವರ್ಷ ಆರಂಭಿಸಿದರು. ಸ್ನೇಹದ ಪೆಪೆ ಚಿತ್ರಗಳನ್ನು ಹರಡಲು ಜನರನ್ನು ಕೇಳಿಕೊಂಡರು. ಅದು ಫಲಿಸಲಿಲ್ಲ. 2017ರ ಮೇ ತಿಂಗಳಲ್ಲಿ ಅವರು ಒಂದು ಪುಟದ ಚಿತ್ರಕಥೆಯನ್ನು ಪ್ರಕಟಿಸಿದರು. ಅದರಲ್ಲಿ ಪೆಪೆ ತೆರೆದ ಶವಪೆಟ್ಟಿಗೆಯಲ್ಲಿ ಮಲಗಿದೆ. ಉಳಿದ ಮೂವರು ಗೆಳೆಯರು ಸುತ್ತ ನಿಂತಿದ್ದಾರೆ. ತಾನು ಹುಟ್ಟಿಸಿದ ಪಾತ್ರವನ್ನು ಪರರ ಮಾತಿನ ಮೈಲಿಗೆಯಿಂದ ಬಿಡಿಸಲು ಬೇರೆ ದಾರಿ ಕಾಣದೆ ಒಬ್ಬ ಕಲಾವಿದ ತನ್ನ ಕೈಯಿಂದಲೇ ಅದಕ್ಕೆ ಮರಣವನ್ನು ಬರೆದನು. ಸತ್ತರೂ ಪೆಪೆಗೆ ಬಿಡುಗಡೆಯಾಗಲಿಲ್ಲ. ದ್ವೇಷದ ಚಿತ್ರಗಳು ಮೊದಲಿನಂತೆಯೇ ಓಡಾಡಿದವು. ಆಗ ಅವರು ಕಾಯಿದೆಯ ಮೊರೆಹೊಕ್ಕರು. ಟೆಕ್ಸಾಸಿನಲ್ಲಿ ಒಬ್ಬನು ಪೆಪೆಯನ್ನು ಬಳಸಿ ಬರೆದಿದ್ದ ಮುಸ್ಲಿಮ್ ದ್ವೇಷದ ಮಕ್ಕಳ ಪುಸ್ತಕವನ್ನು 2017ರಲ್ಲಿ ಮಾರಾಟದಿಂದ ತೆಗೆಸಿ, ಅದರ ಲಾಭವನ್ನು ಒಂದು ಮುಸ್ಲಿಮ್ ಸಂಸ್ಥೆಗೆ ಸಲ್ಲುವಂತೆ ಮಾಡಿದರು. ಪೆಪೆಯ ಚಿತ್ರವಿದ್ದ ಭಿತ್ತಿಪತ್ರವನ್ನು ಮಾರಿದ ಇನ್ಫೋವಾರ್ಸ್ ಸಂಸ್ಥೆಯ ಮೇಲೆ 2018ರಲ್ಲಿ ದಾವೆ ಹೂಡಿದರು. 2019ರಲ್ಲಿ ಆ ಸಂಸ್ಥೆ 15,000 ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಈ ಎಲ್ಲ ವೃತ್ತಾಂತವನ್ನು 2020ರಲ್ಲಿ ಆರ್ಥರ್ ಜೋನ್ಸ್ ಎಂಬ ನಿರ್ದೇಶಕರು ಸಾಕ್ಷ್ಯಚಿತ್ರವಾಗಿ ತೆರೆಗೆ ತಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ, ಆ ಮುಖವೇ ಕೆಟ್ಟುಹೋಯಿತೆಂದು ನಾವು ತೀರ್ಮಾನಿಸಬಹುದಾಗಿತ್ತು. ಆದರೆ ಅದೇ 2019ರಲ್ಲಿ, ಹಾಂಗ್‌ಕಾಂಗ್ ನಗರದಲ್ಲಿ ಪ್ರಜಾಸತ್ತೆಗಾಗಿ ಬೀದಿಗಿಳಿದ ಯುವಕ ಯುವತಿಯರು ಪೆಪೆಯನ್ನು ತಮ್ಮ ಗುರುತಾಗಿ ಎತ್ತಿಕೊಂಡರು. ಚೀಟಿಗಳನ್ನು ಅಂಟಿಸಿದ ಗೋಡೆಗಳ ಮೇಲೆ ಪೆಪೆ ಹಳದಿ ಶಿರಸ್ತ್ರಾಣ ಧರಿಸಿ ನಿಂತಿತು. ಆಗಸ್ಟ್ ತಿಂಗಳಲ್ಲಿ ಪ್ರತಿಭಟನೆಯ ವೇಳೆ ಒಬ್ಬ ಹೆಣ್ಣುಮಗಳ ಕಣ್ಣಿಗೆ ತೀವ್ರ ಗಾಯವಾದಾಗ, ಪೆಪೆಯ ಒಂದು ಕಣ್ಣಿಗೂ ಪಟ್ಟಿ ಬಂತು. ಆ ಕಪ್ಪೆ ಅಮೆರಿಕದಲ್ಲಿ ಪಡೆದಿದ್ದ ಕುಖ್ಯಾತಿ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಅವರಿಗೆ ಅದು ನಗುವ, ಅಳುವ ಒಂದು ಪ್ರೀತಿಯ ಮುಖವಾಗಿತ್ತು. ಈ ಸುದ್ದಿ ತಿಳಿದು ಫ್ಯೂರಿಯವರು ಸಂತೋಷಪಟ್ಟರು. ಅದೇ ಕಣ್ಣು, ಅದೇ ತುಟಿ, ಅದೇ ಹಸಿರು ಬಣ್ಣ. ಒಂದೆಡೆ ನೆರೆಯವನನ್ನು ದ್ವೇಷಿಸು ಎಂದಿತು. ಇನ್ನೊಂದೆಡೆ ಅಂಜಬೇಡ ಎಂದಿತು. ಕಪ್ಪೆ ಎರಡನ್ನೂ ಹೇಳಲಿಲ್ಲ. ಹೇಳಿದವರು ಮನುಷ್ಯರು.

ಇದರಿಂದ ಮುಖ ನಿರ್ದೋಷಿಯೆಂಬುದು ಸಿದ್ಧವಾಗುತ್ತದೆ. ಬರೆದ ಕಲಾವಿದರೂ ನಿರ್ದೋಷಿ. ಅವರು ಬರೆದ ಕಥೆಯಲ್ಲಿ ದ್ವೇಷವಿರಲಿಲ್ಲ. ಹಾಗಾದರೆ ಹೊಣೆ ಉಳಿಯುವುದು ಒಕ್ಕಣೆ ಬರೆದವರ ಮೇಲೆ, ಅದನ್ನು ಮುಂದೆ ಸಾಗಿಸಿದವರ ಮೇಲೆ. ಇದನ್ನು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಅದು ಹುಡುಕುವ ನೆಪಗಳನ್ನು ಒಂದೊಂದಾಗಿ ವಿಚಾರಿಸೋಣ.

ತಮಾಷೆಗಾಗಿ ಮಾಡಿದೆ ಎಂಬುದು ಮೊದಲನೆಯ ನೆಪ. ತಮಾಷೆ ನಿಷಿದ್ಧವೆಂದು ಯಾರೂ ಹೇಳುವುದಿಲ್ಲ. ನಗುವನ್ನು ಕಳೆದುಕೊಂಡ ಬದುಕು ಒಣಗಿಹೋಗುತ್ತದೆ. ಆದರೆ ಅದೇ ಮಾತನ್ನು ನಾನು ನನ್ನ ಮುಖವನ್ನಿಟ್ಟುಕೊಂಡು, ಆ ವ್ಯಕ್ತಿಯ ಎದುರಿಗೆ ಕುಳಿತು ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ನಮ್ಮ ಬಳಗದ ಕಿರಿಯನು ಆ ಹಿರಿಯರ ಮನೆಗೆ ಹೋಗಿ, ಅವರ ಅಂಗಳದಲ್ಲಿ ನಿಂತು, ಅವರ ತಪ್ಪಕ್ಷರಗಳನ್ನು ಎಳೆದೆಳೆದು ಓದುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿರಲಿಲ್ಲ. ನಮ್ಮಿಬ್ಬರಿಗೂ ಇಲ್ಲದ ಧೈರ್ಯವನ್ನು ಆ ಹಳದಿ ಗೊಂಬೆ ಕೊಟ್ಟಿತು. ಅಂಥ ಧೈರ್ಯ ನಮ್ಮದಲ್ಲ.

ನಾನು ಮಾಡಿದ್ದಲ್ಲ, ಬಂದುದನ್ನು ಮುಂದೆ ಕಳಿಸಿದೆ ಎಂಬುದು ಎರಡನೆಯ ನೆಪ. ಪೆಪೆಯನ್ನು ದ್ವೇಷದ ಗುರುತಾಗಿ ಮಾಡಿದವನು ಒಬ್ಬನೇ ಎಂದು ಬೆರಳು ತೋರಿಸಲು ಸಾಧ್ಯವಿಲ್ಲ. ಒಬ್ಬನು ಗೆರೆ ತಿದ್ದಿದನು, ಇನ್ನೊಬ್ಬನು ಅಕ್ಷರ ಸೇರಿಸಿದನು, ಸಾವಿರಾರು ಜನ ಸಾಗಿಸಿದರು. ಪ್ರತಿಯೊಬ್ಬನ ಪಾಲು ಅತ್ಯಲ್ಪ. ಆದರೆ ಅಲ್ಪವೆಂದು ಪ್ರತಿಯೊಬ್ಬನೂ ತನ್ನ ಪಾಲನ್ನು ಬಿಟ್ಟುಕೊಟ್ಟರೆ, ನಡೆದ ಅನ್ಯಾಯಕ್ಕೆ ಮಾಡಿದವರೇ ಇಲ್ಲವೆಂದಾಗುತ್ತದೆ. ಅನುಭವಿಸಿದವರು ಮಾತ್ರ ಉಳಿಯುತ್ತಾರೆ. ನಕಲಿನಿಂದಲೇ ಬದುಕುವ ವಸ್ತುವಿಗೆ ನಕಲು ಮಾಡಿದ ಪ್ರತಿಯೊಬ್ಬನೂ ಜೀವ ಕೊಟ್ಟವನೇ. ನಾನು ಒತ್ತಿದ ಒಂದು ನಗೆಯ ಗುರುತು ಕೂಡ ಆ ಹಿರಿಯರ ಎಣಿಕೆಯಲ್ಲಿ ಸೇರಿತ್ತು.

ಮೂರನೆಯದು ನೆಪವಲ್ಲ, ನಿಜವಾದ ಸಂದೇಹ. ಒಬ್ಬರು ಬರೆದ ಚಿತ್ರವನ್ನು ಕೇಳದೆ ತೆಗೆದುಕೊಳ್ಳುವುದೇ ತಪ್ಪಲ್ಲವೇ ಎಂದು ಕೆಲವರು ಕೇಳಬಹುದು. ಇದು ಅಷ್ಟು ಸರಳವಾದ ಪ್ರಶ್ನೆಯಲ್ಲ. ಹಾಂಗ್‌ಕಾಂಗಿನ ಯುವಕರೂ ಫ್ಯೂರಿಯವರ ಅಪ್ಪಣೆ ಪಡೆದು ಪೆಪೆಯನ್ನು ಬರೆಯಲಿಲ್ಲ. ನಾವು ದಿನನಿತ್ಯ ಆಡುವ ಗಾದೆಗಳು ಯಾರೋ ಹುಟ್ಟಿಸಿದವೇ. ಎರವಲು ಪಡೆಯುವುದನ್ನೇ ನಿಲ್ಲಿಸಿದರೆ ಭಾಷೆಯೂ ಕಲೆಯೂ ಬೆಳೆಯಲಾರವು. ಕೃತಿಸ್ವಾಮ್ಯದ ಕಾಯಿದೆ ಹಣದ ಮಾರಾಟವನ್ನು ತಡೆಯಬಲ್ಲದು. 15,000 ಡಾಲರು ಕೊಡಿಸಬಲ್ಲದು. ಆ ಒಕ್ಕಣೆಗಳಿಂದ ನೊಂದವರ ನೋವು ಅದರ ಲೆಕ್ಕಕ್ಕೆ ಬರುವುದಿಲ್ಲ. ಚಿತ್ರ ಯಾರದು ಎಂಬ ಪ್ರಶ್ನೆಯನ್ನು ನ್ಯಾಯಾಲಯ ಬಗೆಹರಿಸಲಿ. ಮಾತು ಯಾರದು ಎಂಬ ಪ್ರಶ್ನೆಯನ್ನು ನಮ್ಮ ಅಂತಃಕರಣವೇ ಬಗೆಹರಿಸಬೇಕು.

ಇಲ್ಲಿ ಸೂಕ್ಷ್ಮವಾದ ಇನ್ನೊಂದು ತೊಡಕನ್ನು ನಾನು ಮರೆಮಾಚಬಾರದು. ಮರೆಯ ಮುಖದಿಂದ ಮಾತನಾಡುವುದು ಹೇಡಿತನವೆನ್ನುವುದಾದರೆ, ಹಾಂಗ್‌ಕಾಂಗಿನವರೂ ತಮ್ಮ ಮುಖ ಮರೆಸಿಕೊಂಡಿದ್ದರಲ್ಲ? ಹೌದು. ಆದರೆ ಅವರು ಅಡಗಿದ್ದು ತಮಗಿಂತ ಬಲಿಷ್ಠರಾದವರಿಂದ. ಹೆಸರು ತಿಳಿದರೆ ಸೆರೆಮನೆಯ ಭಯವಿತ್ತು. ತನಗಿಂತ ದುರ್ಬಲನಾದವನನ್ನು ಅಣಕಿಸುವವನು ಅಡಗುವುದು ಯಾರಿಂದ? ಅಣಕಕ್ಕೆ ಗುರಿಯಾದವನು ಅವನಿಗೆ ಏನನ್ನೂ ಮಾಡಲಾರನು. ಅವನು ಅಡಗುವುದು ತನ್ನ ನಾಚಿಕೆಯಿಂದ. ಆದುದರಿಂದ ಮುಖ ಮರೆಸಿಕೊಂಡನೇ ಎಂದಷ್ಟೇ ಕೇಳಿದರೆ ಸಾಲದು, ಯಾರಿಗೆ ಅಂಜಿ ಮರೆಸಿಕೊಂಡನು ಎಂದು ಕೇಳಬೇಕು.

ಹಾಗಿದ್ದರೆ ಇಂಥ ಚಿತ್ರಗಳನ್ನು ಮಾಡಲೇಬಾರದೇ? ಹಾಗಲ್ಲ. ಇನ್ನೊಂದು ಉದಾಹರಣೆಯನ್ನು ನೋಡಿರಿ. ಕೆ. ಸಿ. ಗ್ರೀನ್ ಎಂಬ ಅಮೆರಿಕದ ಚಿತ್ರಕಾರರು 2013ರ ಜನವರಿಯಲ್ಲಿ ಆರು ಚೌಕಗಳ ಒಂದು ಚಿತ್ರಕಥೆಯನ್ನು ಬರೆದರು. ಮನೆಗೆ ಬೆಂಕಿ ಬಿದ್ದಿದೆ. ಟೊಪ್ಪಿಗೆ ಧರಿಸಿದ ನಾಯಿಯೊಂದು ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತು, ಎಲ್ಲವೂ ಸರಿಯಾಗಿಯೇ ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತದೆ. ಮೊದಲ ಎರಡು ಚೌಕಗಳು ಜಗತ್ತಿನಾದ್ಯಂತ ಹಬ್ಬಿದವು. ಕೆಲಸದ ಭಾರದಲ್ಲಿ ಮುಳುಗಿದವರು, ರೋಗಿಯ ಹಾಸಿಗೆಯ ಬಳಿ ಕುಳಿತವರು, ಸಾಲದ ಕಂತಿಗೆ ಅಂಜಿದವರು ಆ ನಾಯಿಯ ಮುಖದಲ್ಲಿ ತಮ್ಮನ್ನು ಕಂಡು ತಮ್ಮ ಮೇಲೆಯೇ ನಕ್ಕರು. 2016ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷ ಎದುರು ಪಕ್ಷವನ್ನು ಗೇಲಿ ಮಾಡಲು ಅದನ್ನು ಬಳಸಿದಾಗ ಗ್ರೀನ್ ಅವರು ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ಅದೇ ವರ್ಷ ಅವರು ಹೊಸ ಚಿತ್ರಕಥೆಯೊಂದನ್ನು ಬರೆದರು. ಅದರಲ್ಲಿ ನಾಯಿಗೆ ಎಚ್ಚರವಾಗಿ, ಇದು ಸರಿಯಲ್ಲವೆಂದು ಗಾಬರಿಗೊಂಡು ಬೆಂಕಿಯನ್ನು ನಂದಿಸಲು ತೊಡಗುತ್ತದೆ.

ಈ ನಾಯಿಯ ಚಿತ್ರಕ್ಕೂ ನಮ್ಮ ಬಳಗಕ್ಕೆ ಬಂದ ಕೋಳಿಯ ಭಂಗಿಯ ಚಿತ್ರಕ್ಕೂ ಇರುವ ಅಂತರವನ್ನು ತಾವು ಗಮನಿಸಿದಿರಾ? ನಾಯಿಯ ಬಾಯಲ್ಲಿ ಮನುಷ್ಯನು ಇಟ್ಟದ್ದು ತನ್ನ ಮಾತನ್ನು, ತನ್ನ ಅವಸ್ಥೆಯನ್ನು. ಗೊಂಬೆಯ ಬಾಯಲ್ಲಿ ನಾವು ಇಟ್ಟದ್ದು ಇನ್ನೊಬ್ಬರ ಮಾತನ್ನು, ಅದೂ ವಿಕಾರಗೊಳಿಸಿ. ತನ್ನ ಸಂಕಟವನ್ನು ಎರವಲು ಮುಖದಿಂದ ಹೇಳಿಕೊಳ್ಳುವವನು ಇತರರನ್ನು ಹತ್ತಿರ ಕರೆಯುತ್ತಾನೆ. ನನಗೂ ಹೀಗೆಯೇ ಎನ್ನುವವರು ಅವನ ಸುತ್ತ ಸೇರುತ್ತಾರೆ. ಇನ್ನೊಬ್ಬನ ಮಾತನ್ನು ಕಿತ್ತುಕೊಂಡು ಅಣಕಿಸುವವನು ಒಬ್ಬನನ್ನು ಹೊರಗಟ್ಟಿ ಉಳಿದವರನ್ನು ಒಟ್ಟುಗೂಡಿಸುತ್ತಾನೆ. ಎರಡೂ ಕಡೆ ನಗು ಕೇಳಿಸುತ್ತದೆ. ಹೊರಗೆ ನಿಂತವನಿಗೆ ಮಾತ್ರ ಅವುಗಳ ಭೇದ ತಿಳಿಯುತ್ತದೆ.

ಆದುದರಿಂದ ಬಂಧುಗಳೇ, ಇಂಥ ಚಿತ್ರವೊಂದು ನಿಮ್ಮ ಕೈಗೆ ಬಂದಾಗ, ಅಥವಾ ನಿಮಗೇ ಒಂದನ್ನು ಮಾಡುವ ಮನಸ್ಸಾದಾಗ, ಒಂದು ಕ್ಷಣ ತಡೆಯಿರಿ. ಈ ಮುಖದ ಬಾಯಲ್ಲಿರುವ ಮಾತು ನನ್ನದೋ, ಇನ್ನೊಬ್ಬರಿಂದ ಕಸಿದದ್ದೋ ಎಂದು ಕೇಳಿಕೊಳ್ಳಿರಿ. ಈ ಮಾತಿನ ಕೆಳಗೆ ನನ್ನ ಹೆಸರನ್ನು ಬರೆಯಬಲ್ಲೆನೇ ಎಂದು ಕೇಳಿಕೊಳ್ಳಿರಿ. ಬರೆಯಬಲ್ಲೆನೆಂದಾದರೆ ಕಳಿಸಿರಿ, ಸಂತೋಷದಿಂದ ನಗಿರಿ, ಇತರರನ್ನೂ ನಗಿಸಿರಿ. ಬರೆಯಲು ಕೈ ಹಿಂಜರಿದರೆ, ಆ ಹಿಂಜರಿಕೆ ಹೇಳುತ್ತಿರುವುದನ್ನು ಕೇಳಿರಿ. ಮನೆಯ ಮಕ್ಕಳಿಗೂ ಇದನ್ನು ಗದರದೆ ಹೇಳಿರಿ. ಅವರು ಇದರಲ್ಲಿ ನಮಗಿಂತ ನಿಪುಣರು. ಯಾವ ಮುಖಕ್ಕೆ ಯಾವ ಮಾತು ಒಪ್ಪುತ್ತದೆಂಬ ಜಾಣ್ಮೆ ಅವರಿಗಿದೆ. ಆ ಮಾತು ಯಾರಿಗೆ ತಗಲುತ್ತದೆಂಬ ಅರಿವನ್ನು ಹಿರಿಯರಾದ ನಾವು ಸೇರಿಸಿಕೊಡಬೇಕು.

ಕಡೆಗೆ ನಮ್ಮ ಬಳಗದ ಮಾತು. ಮದುವೆಯಿಂದ ಮರಳಿದ ಮೇಲೆ ನಾನು ಆ ಹಿರಿಯರ ಹಳೆಯ ಬರಹವನ್ನು ಹುಡುಕಿ ತೆಗೆದು, ಅಕ್ಷರಗಳನ್ನು ತಿದ್ದಿ, ಅವರ ಹೆಸರಿನಲ್ಲಿಯೇ ಮತ್ತೊಮ್ಮೆ ಬಳಗದಲ್ಲಿ ಹಾಕಿದೆ. ಕೆಳಗೆ ನನ್ನ ಹೆಸರು ಬರೆದು, ಅಂದು ನಕ್ಕವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆ. ಚಿತ್ರ ಮಾಡಿದ ಕಿರಿಯನು ಯಾರೂ ಹೇಳದೆಯೇ ಹಿರಿಯರ ಮನೆಗೆ ಹೋಗಿ ಬಂದನಂತೆ; ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಆ ವರ್ಷ ಅಡಿಗೆಯ ಅಜ್ಜನ ಹೆಸರಿನಲ್ಲಿ ದಾಸೋಹಕ್ಕೆ ಜೋಳ ಬಂತು. ಹಬ್ಬದ ದಿನಗಳಲ್ಲಿ ಆ ಹಿರಿಯರು ಬಳಗದಲ್ಲಿ 'ಶರಣು' ಎಂಬ ಮೂರಕ್ಷರವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಅದಕ್ಕಿಂತ ಹೆಚ್ಚಿಗೆ ಇನ್ನೂ ಬರೆದಿಲ್ಲ. ಬರೆಯುವರೆಂದು ನಾವು ಕಾಯುತ್ತಿದ್ದೇವೆ.